ನಮ್ಮ ಮಕ್ಕಳ ವೀರರು

ಬಾಗಲಕೋಟೆಯ ನವನಗರದಲ್ಲಾಗಲಿ, ಇಳಕಲ್ಲಿನ ಪೇಟೆಯಲ್ಲಾಗಲಿ, ಮುಂಜಾನೆ ಶಾಲೆಗೆ ಹೊರಟ ಹುಡುಗರ ಬೆನ್ನ ಮೇಲಿನ ಚೀಲಗಳನ್ನು ವಾಚಕರು ಒಮ್ಮೆ ಲಕ್ಷ್ಯವಿಟ್ಟು ನೋಡಬೇಕು. ಹತ್ತರಲ್ಲಿ ನಾಲ್ಕು ಚೀಲಗಳ ಮೇಲಾದರೂ ಜೇಡನ ಮುಖವಾಡ ತೊಟ್ಟ ಒಬ್ಬ ತರುಣನೋ, ಗಾಳಿಯಲ್ಲಿ ಹಾರುವ ಮತ್ತೊಬ್ಬನೋ ಕಣ್ಣಿಗೆ ಬೀಳುವನು. ಇವನಾರು ಎಂದು ಆ ಹುಡುಗನನ್ನು ಕೇಳಿದರೆ, ಅವನ ಹೆಸರು, ಅವನ ಊರು, ಅವನ ಶತ್ರುಗಳು, ಅವನಿಗೆ ಶಕ್ತಿ ಬಂದ ಬಗೆ ಇವೆಲ್ಲವನ್ನೂ ಅವನು ತಡವರಿಸದೆ ಹೇಳುವನು. ಅದೇ ಹುಡುಗನನ್ನು, ಇದೇ ಜಿಲ್ಹೆಯ ಹಲಗಲಿಯಲ್ಲಿ ಸನ್ 1857ರಲ್ಲಿ ಏನು ನಡೆಯಿತೆಂದು ಕೇಳಿರಿ. ಹತ್ತನೆಯ ಇಯತ್ತೆಯವನಾದರೆ ಪಠ್ಯಪುಸ್ತಕದ ಲಾವಣಿಯ ನಾಲ್ಕು ಸಾಲುಗಳನ್ನು ಗುಣಗಳಿಗಾಗಿ ಕಂಠಪಾಠ ಮಾಡಿದ್ದನ್ನು ಒಪ್ಪಿಸುವನು. ಅಷ್ಟರ ಮೇಲೆ ಮೌನ.

ಈ ಮಾತನ್ನು ಹುಡುಗರನ್ನು ಹಳಿಯುವದಕ್ಕಾಗಿ ನಾವು ಎತ್ತಲಿಲ್ಲ. ಮಕ್ಕಳು ತಮ್ಮ ಮುಂದೆ ಇಟ್ಟದ್ದನ್ನು ಓದುವರು. ರುಚಿಯಾಗಿ ಇಟ್ಟದ್ದನ್ನು ಮತ್ತೆ ಮತ್ತೆ ಓದುವರು. ಒಬ್ಬ ವೀರನ ಕಥೆಯನ್ನು ಬಣ್ಣ ಬಣ್ಣದ ಚಿತ್ರಗಳಲ್ಲಿ ಇಟ್ಟು, ಇನ್ನೊಬ್ಬ ವೀರನ ಕಥೆಯನ್ನು ಪ್ರಶ್ನೆಪತ್ರಿಕೆಯಲ್ಲಿ ಇಟ್ಟವರು ಹಿರಿಯರಾದ ನಾವು. ಆದ್ದರಿಂದ ಈ ಹೊಣೆಯ ವಿಚಾರವನ್ನು ಹಿರಿಯರೊಡನೆಯೇ ಮಾಡತಕ್ಕದ್ದು.

ಮೊದಲು ಆ ಪರದೇಶದ ಚಿತ್ರಕಥೆಗಳು ಎಂಥವೆಂಬುದನ್ನು ನ್ಯಾಯವಾಗಿ ನೋಡೋಣ. ಹರೆಯದ ಹುಡುಗ ಹುಡುಗಿಯರನ್ನೇ ನಾಯಕರನ್ನಾಗಿ ಮಾಡಿದ ಮಾಲಿಕೆಗಳು ಅಮೇರಿಕೆಯಲ್ಲಿ ವಿಶೇಷವಾಗಿ ತಲೆಯೆತ್ತಿದ್ದು 1960ರ ದಶಕದಲ್ಲಿ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಎಂಬವರು ಸ್ಪೈಡರ್‌ಮ್ಯಾನನನ್ನು ನಿರ್ಮಿಸಿದರು. 1963ರಲ್ಲಿ ಎಕ್ಸ್‌ಮೆನ್ ಎಂಬ ಗುಂಪು ಬಂದಿತು. 1964ರಲ್ಲಿ ಬ್ಯಾಟ್‌ಮ್ಯಾನ್ ಮೊದಲಾದ ದೊಡ್ಡ ವೀರರ ಕಿರಿಯ ಸಹಾಯಕರು ಮೂವರು ಒಂದಾದರು. ಮುಂದೆ ಆ ಕೂಟಕ್ಕೆ ಟೀನ್ ಟೈಟನ್ಸ್ ಎಂಬ ಹೆಸರಾಯಿತು. ಅವರ ಮೊದಲನೆಯ ಕಥೆಯೇ ಲಕ್ಷ್ಯಕ್ಕೆ ತಂದುಕೊಳ್ಳತಕ್ಕದ್ದು. ಒಂದು ಸಣ್ಣ ಊರಿನಲ್ಲಿ ಹಿರಿಯರಿಗೂ ಹರೆಯದವರಿಗೂ ಮನಸ್ತಾಪ. ತಮ್ಮ ಮಾತನ್ನು ಯಾರೂ ಕೇಳುವದಿಲ್ಲವೆಂದು ಹುಡುಗರ ಕೋಪ, ಹುಡುಗರು ಕೆಟ್ಟರೆಂದು ಹಿರಿಯರ ಕೋಪ. ಈ ಜಗಳದ ನಡುವೆ ಈ ಮೂವರು ಕಿರಿಯ ವೀರರು ಬರುವರು. ಇಂಥ ಮನಸ್ತಾಪ ಇರದ ಊರು ನಮ್ಮ ಸೀಮೆಯಲ್ಲಿ ಯಾವುದುಂಟು?

ಸ್ಪೈಡರ್‌ಮ್ಯಾನನ ಕಥೆಯನ್ನಾದರೂ ತೆಗೆದುಕೊಳ್ಳಿರಿ. ತಂದೆತಾಯಿಗಳಿಲ್ಲದ ಬಡ ವಿದ್ಯಾರ್ಥಿ. ಕಾಕಾ ಕಾಕೂ ಸಾಕಿದ ಹುಡುಗ. ಅವನಿಗೆ ಆಕಸ್ಮಿಕವಾಗಿ ಶಕ್ತಿ ಬರುತ್ತದೆ. ಶಕ್ತಿಯ ಮದದಲ್ಲಿ, ತನ್ನ ಎದುರಿಗೆ ಓಡಿಹೋದ ಒಬ್ಬ ಕಳ್ಳನನ್ನು ನನಗೇನು ಸಂಬಂಧವೆಂದು ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಮುಂದೆ ಅವನ ಕಾಕನನ್ನೇ ಕೊಲ್ಲುತ್ತಾನೆ. ಅಂದಿನಿಂದ ಆ ಹುಡುಗನ ಶಕ್ತಿಯೆಲ್ಲ ಪಶ್ಚಾತ್ತಾಪದ ಋಣವಾಯಿತು. ಇದರಲ್ಲಿ ದುರ್ನೀತಿ ಎಲ್ಲಿದೆ? ಸಾಮರ್ಥ್ಯವುಳ್ಳವನು ಅನ್ಯಾಯವನ್ನು ನೋಡಿ ಸುಮ್ಮನಿರಬಾರದೆಂಬ ಪಾಠವನ್ನು ನಮ್ಮ ಪುರಾಣಗಳೂ ಹೇಳಿವೆ. ಈ ಕಥೆಗಳು ಲೋಕವನ್ನು ಗೆದ್ದದ್ದು ಬರಿಯ ಹಾರಾಟ ಹೊಡೆದಾಟಗಳಿಂದಲ್ಲ. ಪರೀಕ್ಷೆ, ಬಡತನ, ನಾಚಿಕೆ, ಒಂಟಿತನ ಇವುಗಳಲ್ಲಿ ಬೇಯುವ ಹರೆಯದವನಿಗೆ, ನಿನ್ನಂಥವನೂ ವೀರನಾಗಬಲ್ಲನೆಂದು ಹೇಳಿದ್ದರಿಂದ.

ಇಂಥ ಪುಸ್ತಕಗಳನ್ನು ನಿಷೇಧಿಸಿಬಿಟ್ಟರೆ ಆಯಿತು ಎನ್ನುವ ಪಾಲಕರೂ ಇರುವರು. ಈ ಔಷಧವನ್ನು ಅಮೇರಿಕೆಯವರೇ ಕುಡಿದು ನೋಡಿದ್ದಾರೆ. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಚಿತ್ರಕಥೆಗಳಿಂದ ಮಕ್ಕಳು ಅಪರಾಧಿಗಳಾಗುವರೆಂದು ದೊಡ್ಡ ಗ್ರಂಥವನ್ನೇ ಬರೆದರು. ಅದೇ ವರ್ಷ ಅಲ್ಲಿಯ ಸೆನೆಟ್ ಸಭೆಯ ಉಪಸಮಿತಿ ವಿಚಾರಣೆ ನಡೆಸಿತು. ಅಂಜಿದ ಪ್ರಕಾಶಕರು ತಮಗೆ ತಾವೇ ಒಂದು ಕಟ್ಟುನಿಟ್ಟಿನ ಸಂಹಿತೆಯನ್ನು ಹೇರಿಕೊಂಡರು. ಫಲವೇನು? ಕೆಲವು ಅಸಹ್ಯ ಪುಸ್ತಕಗಳು ಹೋದವು, ನಿಜ. ಅವುಗಳ ಜೊತೆಗೆ ಒಳ್ಳೆಯವೂ ಹೋದವು. ಅನೇಕ ಸಂಸ್ಥೆಗಳು ಮುಚ್ಚಿದವು. ಆದರೆ ಮಕ್ಕಳು ಚಿತ್ರಕಥೆ ಓದುವದನ್ನು ಬಿಡಲಿಲ್ಲ. ಕಡೆಗೆ 2011ರಲ್ಲಿ ಆ ಸಂಹಿತೆಯನ್ನು ಕೊನೆಯವರೂ ಕೈಬಿಟ್ಟರು. ಬೇಲಿ ಹಾಕಿದ ಮಾತ್ರಕ್ಕೆ ಹೊಲದಲ್ಲಿ ಬೆಳೆ ಬರುವದಿಲ್ಲ, ಬಿತ್ತಬೇಕಾಗುತ್ತದೆ. ನಾವು ಬಿತ್ತಿದ್ದೇನು ಎಂಬುದೇ ಪ್ರಶ್ನೆ.

ಇನ್ನು ಕೆಲವರು ಬೇರೊಂದು ಆಕ್ಷೇಪವನ್ನು ಎತ್ತುವರು: ಚಿತ್ರ ತೋರಿಸಿ ಕಥೆ ಹೇಳುವದು ಓದು ಬಾರದವರ ಕೆಲಸ, ಅದು ವಿದೇಶದ ಚಪಲ, ಸಾಹಿತ್ಯದ ಮರ್ಯಾದೆಗೆ ತಕ್ಕುದಲ್ಲ ಎಂದು. ಈ ಆಕ್ಷೇಪವನ್ನು ಬೇರೆ ಯಾವ ಸೀಮೆಯವರಾದರೂ ಎತ್ತಬಹುದು. ಬಾದಾಮಿಯ ನೆರೆಯಲ್ಲಿ ವಾಸಿಸುವ ನಾವು ಎತ್ತಲಾಗದು. ಬಾದಾಮಿಯ ವೈಷ್ಣವ ಗುಹೆಗಳಲ್ಲಿ ತಲೆಯೆತ್ತಿ ತೊಲೆಗಳ ಸಾಲನ್ನು ನೋಡಿರಿ. ಬಾಲಕೃಷ್ಣನ ಲೀಲೆಗಳೂ ಸಮುದ್ರಮಥನವೂ ಪಟ್ಟಿ ಪಟ್ಟಿಯಾಗಿ, ಒಂದರ ಮುಂದೊಂದು, ಕಣ್ಣಿನಿಂದ ಓದುತ್ತ ಹೋಗುವಂತೆ ಕೆತ್ತಲ್ಪಟ್ಟಿವೆ. ಮೂರನೆಯ ಗುಹೆಯ ಕಾಲ, ಅಲ್ಲಿಯ ಶಾಸನದಂತೆ, ಕ್ರಿ. ಶ. 578. ಪಟ್ಟದಕಲ್ಲಿಗೆ ಹೋದರೆ, ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಕಂಬಗಳ ಮೇಲೆ ರಾಮಾಯಣ ಮಹಾಭಾರತಗಳ ಪ್ರಸಂಗಗಳು ಚೌಕ ಚೌಕವಾಗಿ ನಿಂತಿವೆ. ಪಾಪನಾಥ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣವನ್ನು ಕಡೆದ ಶಿಲ್ಪಿಯಂತೂ ಪಾತ್ರಗಳ ಹತ್ತಿರ ಅವರವರ ಹೆಸರನ್ನೂ ಬರೆದಿಟ್ಟಿರುವನು. ಚೌಕಟ್ಟು, ಕ್ರಮ, ಚಿತ್ರದ ಪಕ್ಕದಲ್ಲಿ ಅಕ್ಷರ: ಇಂದಿನ ಚಿತ್ರಕಥೆಗೆ ಇದಕ್ಕಿಂತ ಹೆಚ್ಚಿಗೆ ಬೇಕಾದದ್ದೇನು? ಗೋವರ್ಧನವನ್ನು ಎತ್ತಿ ನಿಂತ ಬಾಲಕನಿಗಿಂತ ಹಿರಿಯ ಹರೆಯದ ವೀರನನ್ನು ಯಾವ ನ್ಯೂಯಾರ್ಕಿನ ಚಿತ್ರಕಾರನು ಕಂಡುಹಿಡಿದನು? ಇದರ ಮೇಲೆ ಹಳ್ಳಿ ಹಳ್ಳಿಗೆ ಹೋಗಿ ಬಿಳಿಯ ಪರದೆಯ ಹಿಂದೆ ದೀಪವಿಟ್ಟು ತೊಗಲುಗೊಂಬೆಗಳನ್ನು ಆಡಿಸುತ್ತಿದ್ದ ಕಿಳ್ಳೇಕ್ಯಾತರನ್ನು ನೆನೆದರೆ, ಚಿತ್ರದಲ್ಲಿ ಕಥೆ ಹೇಳುವ ವಿದ್ಯೆ ನಮ್ಮ ಮನೆಯದೇ ಎಂಬುದು ಮನದಟ್ಟಾಗುವದು. ನಾವು ಅದನ್ನು ಕಲ್ಲಿನಲ್ಲಿಯೂ ತೊಗಲಿನಲ್ಲಿಯೂ ಬಿಟ್ಟು, ಕಾಗದಕ್ಕೆ ತರಲು ಮರೆತೆವು. ಇಷ್ಟೇ ನಮ್ಮ ತಪ್ಪು.

ಮರೆತೆವೆಂಬುದೂ ಪೂರ್ಣ ಸತ್ಯವಲ್ಲ. ತಂದು ಕೈಬಿಟ್ಟೆವೆಂಬುದೇ ಸತ್ಯ. ಚಂದಮಾಮ 1949ರಿಂದ ಕನ್ನಡದಲ್ಲಿ ಬಂದಿತು. ಅದರ ಚಿತ್ರಗಳನ್ನು ನೋಡುತ್ತ ಅಕ್ಷರ ಕಲಿತವರು ಇಂದಿನ ಹಿರಿಯರಲ್ಲಿ ಎಷ್ಟೋ ಜನರು. ಸುಧಾ ವಾರಪತ್ರಿಕೆ ಕೈಗೆ ಬಂದೊಡನೆ ಮೊದಲು ಫ್ಯಾಂಟಮ್ ಪುಟವನ್ನು ತೆರೆಯುತ್ತಿದ್ದವರು ಈಗ ಕಚೇರಿಗಳಲ್ಲಿ ದೊಡ್ಡ ಕುರ್ಚಿಗಳ ಮೇಲಿರುವರು. ಅವರಾರೂ ಅದರಿಂದ ಕೆಟ್ಟಂತೆ ಕಾಣೆವು. ಅಮರ ಚಿತ್ರ ಕಥೆಯ ಸಂಗತಿಯನ್ನಂತೂ ಕನ್ನಡಿಗರು ಅಭಿಮಾನದಿಂದ ತಿಳಿದಿರಬೇಕು. ಅದರ ಸಂಪಾದಕರಾದ ಅನಂತ ಪೈಯವರು 1929ರಲ್ಲಿ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. 1967ರಲ್ಲಿ ದಿಲ್ಲಿಯ ದೂರದರ್ಶನದ ಪ್ರಶ್ನೋತ್ತರ ಸ್ಪರ್ಧೆಯೊಂದರಲ್ಲಿ ಮಕ್ಕಳು ಗ್ರೀಕರ ಪುರಾಣದ ಪ್ರಶ್ನೆಗೆ ಉತ್ತರ ಕೊಟ್ಟು, ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದದ್ದನ್ನು ನೋಡಿ ತಾವು ಈ ಕಾರ್ಯಕ್ಕೆ ಕೈಹಾಕಿದೆವೆಂದು ಅವರು ಹೇಳುತ್ತಿದ್ದರು. ಆ ಮಾಲಿಕೆ ಅದಕ್ಕೂ ಮೊದಲೇ, 1965ರಲ್ಲಿ, ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಹುಟ್ಟಿತೆಂದು ಪುಸ್ತಕ ವ್ಯವಹಾರದ ಜಿ. ಕೆ. ಅನಂತರಾಮ್ ಅವರು ಹೇಳಿರುವರು. ಎರಡರಲ್ಲಿ ಯಾವುದನ್ನು ಹಿಡಿದರೂ ಕನ್ನಡಿಗರ ಕೈ ಅದರಲ್ಲಿ ಇದ್ದೇ ಇದೆ. ಇನ್ನು ರಾಷ್ಟ್ರೋತ್ಥಾನ ಪರಿಷತ್ತಿನ ಭಾರತ ಭಾರತಿ ಮಾಲಿಕೆಯಲ್ಲಿ, ಪ್ರೊ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ, 510 ಚಿಕ್ಕ ಚರಿತ್ರೆಗಳು ಅಚ್ಚಾದವು. ಅವು ಚಿತ್ರಕಥೆಗಳಲ್ಲವಾದರೂ ಹುಡುಗರ ಅಂಗಿಯ ಕಿಸೆಯಲ್ಲಿ ಹಿಡಿಯುವ ಪುಸ್ತಕಗಳು. ಬಾಲಮಂಗಳದ ಡಿಂಗನೆಂಬ ಇಲಿಯ ಸಾಹಸಕ್ಕಾಗಿ ಹದಿನೈದು ದಿನ ಕಾಯುತ್ತಿದ್ದ ಒಂದು ತಲೆಮಾರೇ ನಮ್ಮಲ್ಲಿ ಇತ್ತು.

ಆದರೆ ಇಂದು? ಚಂದಮಾಮ ನಿಂತಿತು. ಬಾಲಮಂಗಳ ನಿಂತಿತು. ಬಸ್ ನಿಲ್ದಾಣದ ಪುಸ್ತಕದ ಅಂಗಡಿಯಲ್ಲಿ ಕನ್ನಡದ ಚಿತ್ರಕಥೆಯನ್ನು ಕೇಳಿದರೆ ಅಂಗಡಿಯವನು ಸ್ಪರ್ಧಾ ಪರೀಕ್ಷೆಯ ಮಾರ್ಗದರ್ಶಿಯನ್ನು ಮುಂದಿಡುವನು. ಚಿತ್ರಪುಸ್ತಕದ ಸ್ಥಳವನ್ನು ಮೊದಲು ದೂರದರ್ಶನ ಆಕ್ರಮಿಸಿತು, ಅನಂತರ ಮೊಬೈಲ್ ಆಕ್ರಮಿಸಿತು. ಅಲ್ಲಿಯಾದರೂ ಕನ್ನಡವಿತ್ತೇ? 2009ರಲ್ಲಿ ಚಿಂಟು ವಾಹಿನಿ ಬರುವವರೆಗೆ ಮಕ್ಕಳಿಗೆಂದೇ ಒಂದು ಕನ್ನಡ ವಾಹಿನಿ ಇರಲಿಲ್ಲ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸಬಾರದೆಂದು ಚಿತ್ರೋದ್ಯಮದವರು ದಶಕಗಳವರೆಗೆ ಅಡ್ಡ ನಿಂತರು. ಅದು ನ್ಯಾಯವಲ್ಲವೆಂದು 2015ರಲ್ಲಿ ಕೇಂದ್ರದ ಸ್ಪರ್ಧಾ ಆಯೋಗ ಹೇಳಬೇಕಾಯಿತು. ಕನ್ನಡದ ರಕ್ಷಣೆಗೆಂದು ಕಟ್ಟಿದ ಗೋಡೆಯೊಳಗೆ ನಮ್ಮ ಮಕ್ಕಳು ಕೂಡ್ರಲಿಲ್ಲ. ಗೋಡೆಯಾಚೆಗೆ ಹೋಗಿ ಹಿಂದಿಯಲ್ಲಿ ನಕ್ಕರು, ಇಂಗ್ಲಿಷಿನಲ್ಲಿ ಬೆರಗಾದರು. ಆಶ್ಚರ್ಯವನ್ನು ಯಾವ ಭಾಷೆಯಲ್ಲಿ ಅನುಭವಿಸುವರೋ ಆ ಭಾಷೆಯನ್ನೇ ಮಕ್ಕಳು ಪ್ರೀತಿಸುವರು. ಕನ್ನಡವು ಅವರಿಗೆ ಕೇವಲ ಗೃಹಪಾಠದ ಭಾಷೆಯಾಗಿ ಉಳಿದರೆ, ಇಪ್ಪತ್ತು ವರ್ಷಗಳ ತರುವಾಯ ಕನ್ನಡ ಪತ್ರಿಕೆಯನ್ನು, ಈ ಪುಟವನ್ನು, ಓದುವವರಾರು? ಇಲ್ಲಿ ಪಣಕ್ಕಿಟ್ಟಿರುವದು ಮಕ್ಕಳ ಮನರಂಜನೆಯೊಂದೇ ಅಲ್ಲ.

ನಮ್ಮಲ್ಲಿ ಹರೆಯದ ವೀರರಿಗೆ ಬರಗಾಲವೇ? ಹಳೆಯ ಕಲಾದಗಿ ಜಿಲ್ಹೆಯ ಎಲ್ಲೆಯೊಳಗೇ ನೋಡೋಣ. ತಂದೆ ಕೀರ್ತಿವರ್ಮ ತೀರಿಕೊಂಡಾಗ ಪುಲಕೇಶಿ ಇನ್ನೂ ಎಳೆಯನು. ಚಿಕ್ಕಪ್ಪ ಮಂಗಲೇಶನು ರಾಜ್ಯವನ್ನು ವಹಿಸಿಕೊಂಡನು. ಮುಂದೆ ಅದನ್ನು ತನ್ನ ಮಗನಿಗೇ ಕೊಡಿಸಬೇಕೆಂದು ಹವಣಿಸಿದನು. ಹಕ್ಕುಳ್ಳ ರಾಜಕುಮಾರನು ನಾಡು ಬಿಟ್ಟು ಹೋಗಿ, ಬಲ ಕೂಡಿಸಿಕೊಂಡು ಬಂದು, ಯುದ್ಧದಲ್ಲಿ ಗೆದ್ದು ಸಿಂಹಾಸನವೇರಿದನು. ಅನಂತರ ಹರ್ಷವರ್ಧನನನ್ನೇ ತಡೆದನು. ಇದನ್ನು ನಾವು ಕಲ್ಪಿಸಿ ಬರೆದಿಲ್ಲ. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಕವಿ ಕ್ರಿ. ಶ. 634ರ ಶಾಸನದಲ್ಲಿ ಬರೆದಿಟ್ಟಿರುವನು. ಮೂರನೆಯ ಗುಹೆಯಲ್ಲಿ ಬಾಲಕೃಷ್ಣನ ವೀರ್ಯವನ್ನು ಕೆತ್ತಿಸಿದವನೂ ಇದೇ ಮಂಗಲೇಶನೆಂಬುದನ್ನು ಕೂಡಿಸಿ ಹೇಳಿದರೆ, ಇದಕ್ಕಿಂತ ಸ್ವಾರಸ್ಯದ ಕಥೆಯನ್ನು ಯಾವ ಕಥೆಗಾರನು ಹೆಣೆಯಬಲ್ಲನು?

ಅದೇ ಹುನಗುಂದ ತಾಲೂಕಿನ ಕೂಡಲಸಂಗಮಕ್ಕೆ ಬನ್ನಿರಿ. ಉಪನಯನವನ್ನು ಒಲ್ಲೆನೆಂದು, ಮನೆಮಾರು ತೊರೆದು, ಎರಡು ಹೊಳೆಗಳು ಕೂಡುವ ಸ್ಥಳಕ್ಕೆ ವಿದ್ಯೆಗಾಗಿ ಬಂದ ಬಾಲಕ ಬಸವಣ್ಣನ ಚರಿತ್ರೆಯನ್ನು ಶರಣ ಸಂಪ್ರದಾಯವು ಹೇಳುತ್ತದೆ. ಅವನಲ್ಲಿ ಹಾರುವ ಶಕ್ತಿ ಇರಲಿಲ್ಲ, ಆಯುಧವೂ ಇರಲಿಲ್ಲ. ಹಿರಿಯರೆಲ್ಲ ಕೂಡಿದ ಸಭೆಯಲ್ಲಿ ಒಬ್ಬನೇ ನಿಂತು ಇದು ಸರಿಯಲ್ಲವೆನ್ನುವ ಧೈರ್ಯವಿತ್ತು. ಹರೆಯದವರಿಗೆ ಅದಕ್ಕಿಂತ ಕಠಿಣವಾದ ಸಾಹಸ ಬೇರೊಂದಿಲ್ಲ.

ಇನ್ನು ಹಲಗಲಿ. 1857ರಲ್ಲಿ ಸರಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯದೆಯನ್ನು ಮಾಡಿತು. ಬೇಟೆಯೇ ಬಾಳುವೆಯಾದ ಬೇಡರಿಗೆ ಆಯುಧವೆಂದರೆ ಅನ್ನ, ಆಯುಧವೆಂದರೆ ಮಾನ. ಮುಧೋಳ ಸಂಸ್ಥಾನದ ಆ ಸಣ್ಣ ಹಳ್ಳಿಯವರು ಕೊಡಲೊಲ್ಲೆವೆಂದರು. ನವೆಂಬರ್ ತಿಂಗಳ ಕೊನೆಗೆ ದಂಡು ಬಂದಿತು, ಊರು ಸುಟ್ಟಿತು. ಡಿಸೆಂಬರದಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೆ ಹಾಕಿದರು. ಹಣಮ, ಬಾಲ, ಜಡಗ, ರಾಮ ಎಂಬ ಹೆಸರುಗಳನ್ನು ಉಳಿಸಿದ್ದು ಅರಮನೆಯ ದಫ್ತರಕ್ಕಿಂತ ಹೆಚ್ಚಾಗಿ ಲಾವಣಿ ಹಾಡುವ ಜನರ ಬಾಯಿ. ಆ ಲಾವಣಿಯನ್ನು ಮೊದಲು ಅಚ್ಚಿಗೆ ತಂದವನು ಇಂಗ್ಲಿಷ್ ಅಧಿಕಾರಿಯಾದ ಜಾನ್ ಫ್ಲೀಟ್, ಮುಂದೆ ಡಾ. ಬಿ. ಎಸ್. ಗದ್ದಗಿಮಠರಂಥ ನಮ್ಮ ವಿದ್ವಾಂಸರು ಜನಪದ ಗೀತೆಗಳನ್ನು ಕೂಡಿಸಿದರು. ಫ್ಲೀಟನು ಮುದ್ರಿಸಿ ನೂರು ವರ್ಷಗಳ ಮೇಲಾಯಿತು. ಚಿತ್ರಿಸುವ ಕೈಯೊಂದು ಮುಂದೆ ಬರಬೇಕಾಗಿದೆ. ಜಿಲ್ಹೆಯ ಹೊರಗೂ ಇಂಥವರು ಇಲ್ಲದಿಲ್ಲ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. 1942ರ ಆಗಸ್ಟದಲ್ಲಿ ಹುಬ್ಬಳ್ಳಿಯ ಬೀದಿಯಲ್ಲಿ ಗುಂಡಿಗೆ ಎದೆಯೊಡ್ಡಿದ ನಾರಾಯಣ ಡೋಣಿ ಶಾಲೆಗೆ ಹೋಗುವ ವಯಸ್ಸಿನ ಬಾಲಕನು.

ಆದರೆ ನಾವು ಇಲ್ಲಿ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ನಮ್ಮವರೆಂಬ ಒಂದೇ ಕಾರಣದಿಂದ ಪುಸ್ತಕವು ಒಳ್ಳೆಯದಾಗುವದಿಲ್ಲ. ಅಮರ ಚಿತ್ರ ಕಥೆಯ ಉಪಕಾರವನ್ನು ಒಪ್ಪಿಕೊಂಡವರೇ, ಅದರಲ್ಲಿ ಸಜ್ಜನರೆಲ್ಲ ಬೆಳ್ಳಗೆ, ದುಷ್ಟರೆಲ್ಲ ಕಪ್ಪಗೆ ಇರುವರೆಂದೂ, ಹೆಂಗಸರು ಅಲಂಕಾರಕ್ಕೋ ತ್ಯಾಗಕ್ಕೋ ಮೀಸಲಾದರೆಂದೂ ಎತ್ತಿದ ಆಕ್ಷೇಪದಲ್ಲಿ ಸತ್ಯಾಂಶವಿದೆ. ಹಲಗಲಿಯ ವೀರರು ಬಿಸಿಲಲ್ಲಿ ಬೆಂದ ಬೇಡರು; ಅವರನ್ನು ಹಾಗೆಯೇ ಬರೆಯಬೇಕು. ಅವರು ಸೋತರು, ಸೋತರೆಂದೇ ಹೇಳಬೇಕು. ಗೆದ್ದವರನ್ನು ಮಾತ್ರ ಪೂಜಿಸುವ ಮಕ್ಕಳು, ಮುಂದೆ ತಾವು ಸೋತಾಗ ಎದೆಗೆಡುವರು. ಗಲ್ಲಿನ ಮರದ ಕೆಳಗೆ ಜಡಗನಿಗೆ ರೆಕ್ಕೆ ಬರಿಸಿ ಹಾರಿಸುವ ಚಿತ್ರಕಾರನು ಅವನಿಗೆ ಗೌರವ ಕೊಟ್ಟಂತೆ ಆಗಲಿಲ್ಲ, ಅವನು ಕೊಟ್ಟ ಪ್ರಾಣವನ್ನು ಹಗುರ ಮಾಡಿದಂತಾಯಿತು. 1997ರಲ್ಲಿ ಆರಂಭವಾದ ಶಕ್ತಿಮಾನ್ ಎಂಬ ದೂರದರ್ಶನದ ಮಾಲಿಕೆಯ ಕಾಲದಲ್ಲಿ, ಮಕ್ಕಳು ವೀರನನ್ನು ಅನುಕರಿಸಹೋಗಿ ಅಪಾಯಕ್ಕೆ ಸಿಕ್ಕಿದ ವಾರ್ತೆಗಳು ಬಂದು, ಹಾಗೆ ಮಾಡಬೇಡಿರೆಂದು ಆ ವೀರನೇ ಪರದೆಯ ಮೇಲೆ ಹೇಳಬೇಕಾಗಿ ಬಂದದ್ದನ್ನು ಪಾಲಕರು ಮರೆತಿರಲಾರರು.

ಹುಡುಗಿಯರನ್ನಂತೂ ಮರೆಯಲೇಬಾರದು. 2014ರಿಂದ ಅಮೇರಿಕೆಯಲ್ಲಿ ಬಂದ ಒಂದು ಮಾಲಿಕೆಯ ನಾಯಕಿ ಕಮಲಾ ಖಾನ್; ಪಾಕಿಸ್ತಾನದಿಂದ ಹೋಗಿ ನೆಲಸಿದ ಮುಸಲ್ಮಾನ ಮನೆತನದ ಹರೆಯದ ಹುಡುಗಿ. ಮನೆಯ ಕಟ್ಟಳೆ, ಶಾಲೆಯ ಗೆಳತಿಯರು, ತನ್ನ ಶಕ್ತಿ ಈ ಮೂರರ ನಡುವೆ ದಾರಿ ಹುಡುಕುವ ಅವಳನ್ನು ಆ ದೇಶದ ಮಕ್ಕಳು ತಮ್ಮವಳೆಂದು ಒಪ್ಪಿಕೊಂಡರು. ಹೊರಗಿನಿಂದ ಬಂದವರ ಮಗಳಿಗೆ ಅವರು ವೀರಪಟ್ಟ ಕಟ್ಟಿದರು. ಇಳಕಲ್ಲಿನ ನೇಕಾರರ ಮನೆಯಲ್ಲಿ, ಮಗ್ಗದ ಸಪ್ಪಳದ ನಡುವೆ ಓದುವ ನಮ್ಮ ಮಗಳಿಗೆ ನಾವು ಒಂದು ಪುಟವನ್ನಾದರೂ ಕೊಟ್ಟಿದ್ದೇವೆಯೇ? ವೀರರು ಗತಕಾಲದಲ್ಲಿ ಮಾತ್ರ ಇರತಕ್ಕವರಲ್ಲ. ಆಲಮಟ್ಟಿಯ ಹಿನ್ನೀರಿಗೆ ಮನೆ ಕೊಟ್ಟು, ಸಂಖ್ಯೆಗಳೇ ಹೆಸರಾದ ಸೆಕ್ಟರುಗಳಲ್ಲಿ ಹೊಸ ಬಾಳುವೆ ಕಟ್ಟಿಕೊಂಡ ಬಾಗಲಕೋಟೆಯ ಮನೆತನಗಳ ಮಕ್ಕಳಲ್ಲಿ ಒಂದು ಮಾಲಿಕೆಗೆ ಬೇಕಾದ ಕಥೆಗಳು ಇದ್ದೇ ಇರುವವು.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. ಇಂಥ ಪುಸ್ತಕಗಳು ಹೊರಟರೆ ಪಾತ್ರಗಳು ಈ ನೆಲದ ಕನ್ನಡವನ್ನೇ ಆಡಬೇಕು. ಹಲಗಲಿಯ ಬೇಡನ ಬಾಯಲ್ಲಿ ಕಚೇರಿಯ ಸುತ್ತೋಲೆಯ ಕನ್ನಡವನ್ನು ತುರುಕಿದರೆ ಹುಡುಗನು ಮೊದಲನೆಯ ಪುಟದಲ್ಲಿಯೇ ಪುಸ್ತಕವನ್ನು ಮಡಿಚಿ ಇಡುವನು. ಅವ್ವ ಆಡುವ ಮಾತು ಅಚ್ಚಿನಲ್ಲಿ ಕಂಡಾಗ ಮಕ್ಕಳ ಮುಖವು ಅರಳುವ ಬಗೆಯನ್ನು ಬಲ್ಲ ಶಿಕ್ಷಕರು ನಮ್ಮ ಈ ಮಾತಿಗೆ ಸಾಕ್ಷಿ.

ಈಗ ಕಾರ್ಯದ ಮಾತು. ದುಡ್ಡೆಲ್ಲಿದೆ ಎಂದು ಕೇಳುವರು. 1965ರ ಸಾರ್ವಜನಿಕ ಗ್ರಂಥಾಲಯ ಕಾಯದೆಯ ಪ್ರಕಾರ ಮನೆ ಜಾಗಗಳ ತೆರಿಗೆಯ ಮೇಲೆ ನಾವೆಲ್ಲರೂ ಗ್ರಂಥಾಲಯದ ಕರವನ್ನು ತೆರುತ್ತಿದ್ದೇವೆ. 2020ರಲ್ಲಿ ಸರಕಾರವು ಓದುವ ಬೆಳಕು ಎಂಬ ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವವನ್ನು ಕೊಟ್ಟಿತು. ಅತ್ಯಂತ ಸ್ತುತ್ಯವಾದ ಕಾರ್ಯ. ಬಾಗಿಲು ತೆರೆಯಿತು, ಮಕ್ಕಳೂ ಒಳಗೆ ಬಂದರು. ಕಪಾಟಿನಲ್ಲಿ ಅವರಿಗೆ ಬೇಕಾದದ್ದು ಇರಬೇಡವೇ? ಪುಸ್ತಕ ಖರೀದಿಯ ಯಾದಿಯಲ್ಲಿ ಮಕ್ಕಳ ಚಿತ್ರಕಥೆಗಳಿಗೆ ಒಂದು ನಿಶ್ಚಿತ ಪಾಲನ್ನು ಇಟ್ಟರೆ, ಬಣ್ಣದ ಅಚ್ಚಿನ ವೆಚ್ಚಕ್ಕೆ ಅಂಜುವ ಪ್ರಕಾಶಕನಿಗೆ ಧೈರ್ಯ ಬರುವದು. ಮೊದಲನೆಯ ಸಾವಿರ ಪ್ರತಿಗಳಿಗೆ ಕೊಳ್ಳುವವರಿದ್ದಾರೆಂದು ಗೊತ್ತಾದರೆ ಎರಡನೆಯ ಸಾವಿರವನ್ನು ಪೇಟೆಯೇ ಕೊಳ್ಳುವದು. ಧಾರವಾಡದಲ್ಲಿ ಬಾಲವಿಕಾಸ ಅಕಾಡೆಮಿ ಇದೆ. ಬೆಂಗಳೂರಿನಲ್ಲಿ ಪುಸ್ತಕ ಪ್ರಾಧಿಕಾರವಿದೆ. ಧಾರವಾಡ ಗದಗಗಳಲ್ಲಿ ಚಿತ್ರಕಲೆ ಕಲಿತ ತರುಣರು, ಮದುವೆಯ ಮಂಟಪಗಳನ್ನೂ ಅಂಗಡಿಯ ಫಲಕಗಳನ್ನೂ ಬರೆದು ಹೊಟ್ಟೆ ಹೊರೆಯುತ್ತಿರುವರು. ಕಥೆ, ಕೈ, ಸಂಸ್ಥೆ, ಕರ ಎಲ್ಲವೂ ಇವೆ. ಇವನ್ನು ಕೂಡಿಸುವ ಮನಸ್ಸು ಒಂದು ಬೇಕಾಗಿದೆ. ಜಿಲ್ಹೆಯ ಅಧಿಕಾರಿಗಳು ಹಲಗಲಿಯ ಕಥೆಯೊಂದರಿಂದ ಈ ಕಾರ್ಯವನ್ನು ಆರಂಭಿಸಲಿ ಎಂದು ನಾವು ಸೂಚಿಸುವೆವು. ಪುಸ್ತಕವು ಸಿದ್ಧವಾದ ದಿನ ಅದನ್ನು ವೇದಿಕೆಯ ಮೇಲೆ ಮಂತ್ರಿಗಳ ಕೈಗೆ ಕೊಟ್ಟು ಮುಗಿಸದೆ, ಮುಧೋಳ ತಾಲೂಕಿನ ಒಂದು ಶಾಲೆಯಲ್ಲಿ ಮಕ್ಕಳ ಕೈಗೆ ಕೊಡಲಿ.

ಪಾಲಕರಿಗೂ ನಮ್ಮ ವಿನಂತಿಯುಂಟು. ಮಕ್ಕಳ ಕೈಯಿಂದ ಚಿತ್ರಪುಸ್ತಕವನ್ನು ಕಸಿದುಕೊಳ್ಳಬೇಡಿರಿ. ಅದರ ಪಕ್ಕದಲ್ಲಿ ಇನ್ನೊಂದನ್ನು ಇಡಿರಿ. ಜೇಡನ ಹುಡುಗನನ್ನು ಅಟ್ಟುವ ಕಾರಣವಿಲ್ಲ. ಅವನೂ ಒಳ್ಳೆಯ ಹುಡುಗನೇ. ಬರುವ ರಜೆಯಲ್ಲಿ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗಿ, ಗುಹೆಯ ತೊಲೆಗಳ ಕೆಳಗೆ ನಿಲ್ಲಿಸಿ, ಈ ಚಿತ್ರಗಳನ್ನು ಎಡದಿಂದ ಬಲಕ್ಕೆ ಓದುತ್ತ ಹೋಗು, ಇದರಲ್ಲಿ ಏನು ನಡೆಯಿತು ಹೇಳು ಎಂದು ಕೇಳಿರಿ. ಆ ಮಕ್ಕಳು ಹೇಳುವ ಕಥೆಯನ್ನು ಕೇಳಿದ ಮೇಲೆ, ಅದನ್ನು ಕಾಗದದ ಮೇಲೆ ತರಬೇಕೋ ಬೇಡವೋ ಎಂಬ ಚರ್ಚೆ ಉಳಿಯಲಾರದೆಂದು ನಾವು ನಂಬಿರುತ್ತೇವೆ.